ಹೋದ ವರ್ಷ ತಡೆದಿತ್ತಲ್ಲ

ನಮ್ಮ ದ್ವೀಪದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಯಾರೂ ಮರವನ್ನು ತಿಪ್ಪೆಗೆ ಎಸೆಯುವುದಿಲ್ಲ. ತಂದು ನಮ್ಮ ಅಂಗಳದಲ್ಲಿ ಹಾಕಿ ಹೋಗುತ್ತಾರೆ. ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ನಮ್ಮ ಮನೆಯವರು ಆ ಮರಗಳನ್ನು ಹಿಮಬಂಡಿಗೆ ಕಟ್ಟಿಕೊಂಡು ಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ಆಚೆ ದಡದವರೆಗೂ ಸಾಲಾಗಿ ನೆಡುತ್ತಾರೆ. ಮರದ ಸಾಲು ಹಿಡಿದು ಹೋದರೆ ಭಯವಿಲ್ಲ. ಸಾಲು ಬಿಟ್ಟರೆ ದೇವರೇ ಗತಿ. ದೋಣಿ ನಿಂತ ಮೇಲೆ ಶಾಲೆಗೂ ಆಸ್ಪತ್ರೆಗೂ ಅಂಗಡಿಗೂ ನಮಗಿರುವುದು ಅದೊಂದೇ ದಾರಿ.

ನಮ್ಮ ಮನೆಯವರ ಹೆಸರು ಅರ್ಮಾಂಡ್. ಬೇಸಿಗೆಯಲ್ಲಿ ಬಲೆ ಹಾಕಿ ಬಿಳಿಮೀನು ಹಿಡಿಯುತ್ತಾರೆ, ಚಳಿಗಾಲದಲ್ಲಿ ಮಂಜುಗಡ್ಡೆ ಎಷ್ಟು ಗಟ್ಟಿಯಿದೆ ಎಂದು ನೋಡುತ್ತಾರೆ. ಗಟ್ಟಿಯಿದೆ ಎಂದು ಅವರು ಹೇಳುವವರೆಗೆ ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ಪಾದ್ರಿಯೇ ಬಂದು ಕೇಳಿದರೂ ಬೇಡ ಎಂದರೆ ಬೇಡ. ಉಡದ ಪಟ್ಟು. ಮಿಕ್ಕ ವಿಷಯಗಳಲ್ಲಿ ಮಾತ್ರ, ಏನು ಹೇಳಲಿ, ಕಣ್ಣು ಮುಚ್ಚಿಕೊಂಡು ಕೂರುವ ಗಂಡಸು.

ಅಂಥ ಒಂದು ವಿಷಯ ಎಣ್ಣೆ ಪೈಪು. ದ್ವೀಪಕ್ಕೂ ದಡಕ್ಕೂ ನಡುವೆ, ಸರೋವರದ ತಳದಲ್ಲಿ ಅದು ಮಲಗಿದೆ. ನಾವಿಬ್ಬರೂ ಹುಟ್ಟುವ ಮೊದಲೇ ಹಾಕಿದ್ದು. ಎಲ್ಲಿಂದಲೋ ಬಂದ ಎಣ್ಣೆ ಅದರೊಳಗೆ ಎಲ್ಲಿಗೋ ಹೋಗುತ್ತದೆ. ನಮ್ಮ ಮನೆ ಬೆಚ್ಚಗಿಡುವ ಗ್ಯಾಸನ್ನು ತೆಗೆಯುವುದೂ ಅದೇ ಪೈಪಿನಲ್ಲಿ ಬರುವ ದ್ರವದಿಂದ. ಹಾಗಾಗಿ ಯಾರಾದರೂ ಅದರ ಸುದ್ದಿ ಎತ್ತಿದರೆ ಅರ್ಮಾಂಡ್ ಸಿಡುಕುತ್ತಿದ್ದರು.

"ಪೈಪ್ ನಿಲ್ಲಿಸ್ಬಿಟ್ರೆ ಜನವರೀಲಿ ನಿನ್ನ ಅಡುಗೆಮನೆ ಯಾರು ಕಾಯಿಸ್ತಾರೆ? ಅವರಪ್ಪನಾ?" ಎನ್ನುತ್ತಿದ್ದರು.

ಆ ವರ್ಷ ಮರ ನೆಡಲು ನಾನೂ ಜೊತೆಗೆ ಹೋದೆ. ಅವರು ತೂತು ಕೊರೆಯುವುದು, ನಾನು ಮರ ಹಿಡಿದು ನಿಲ್ಲಿಸುವುದು. ಪೈಪು ಹಾಯುವ ಕಡೆಗೆ ಬಂದಾಗ ಕೊರೆದ ತೂತಿನಿಂದ ನೀರು ಉಕ್ಕಿತು. ಅದರ ಮೇಲೆ ಬಣ್ಣಬಣ್ಣದ ಪೊರೆ. ಗ್ಯಾರೇಜಿಗೆ ಹೊಕ್ಕ ಹಾಗೆ ವಾಸನೆ.

"ಏನ್ರೀ ಇದು ನಾತ?"

"ಕೊರೆಯೋ ಮಷೀನಿಂದು ಪೆಟ್ರೋಲ್ ಕಣೇ. ಚೆಲ್ಲಿರತ್ತೆ. ಮರ ಹಿಡಿ, ಕೈ ಮರಗಟ್ತಾ ಇದೆ."

"ಇಷ್ಟು ಹೊತ್ತು ಚೆಲ್ಲದೇ ಇದ್ದದ್ದು ಇಲ್ಲೇ ಬಂದು ಚೆಲ್ತಾ?"

"ನೀನು ಪೊಲೀಸಾ? ಹಿಡಿ ಅಂದ್ರೆ ಹಿಡಿ."

ಮರ ನೆಟ್ಟೆವು. ಮುಂದೆ ಹೋದೆವು. ಹಿಂದಿರುಗುವಾಗ ಅವರು ಮೆಲ್ಲಗೆ, "ಊರಲ್ಲಿ ಹೇಳ್ಕೊಂಡು ತಿರುಗ್ಬೇಡ. ದಾರಿ ಮುಚ್ಚಿಸ್ತಾರೆ. ಜನ ನನ್ನ ಮುಖಕ್ಕೆ ಉಗೀತಾರೆ," ಎಂದರು. ಆಗಲೇ ಅವರಿಗೂ ಅನುಮಾನ ಇತ್ತು ಅಂತ ನನಗೆ ಈಗ ಅನಿಸುತ್ತದೆ.

ಕೆಲವು ದಿನ ಕಳೆದು ಡೋರೀನ್ ಊಟಕ್ಕೆ ಬಂದಳು. ನಮ್ಮ ಮನೆಯವರ ತಂಗಿಯ ಮಗಳು. ನಮ್ಮ ಒಡಾವಾ ಬುಡಕಟ್ಟಿನವರೇ ನಡೆಸುವ ಮೀನುಗಾರಿಕೆ ಕಚೇರಿಯಲ್ಲಿ ಕೆಲಸ. ನೀರು ಪರೀಕ್ಷೆ ಮಾಡುವುದು, ಮೀನಿನ ಲೆಕ್ಕ ಇಡುವುದು. ಬಾಯಿ ಮಾತ್ರ ಅವಳ ಮಾವನದೇ. ಬಿಳಿಮೀನು ಕರಿದಿದ್ದೆ, ಕಾಡಕ್ಕಿಯ ಸಾರು ಇತ್ತು. ಕೂತ ಕೂಡಲೇ ಮಾವ ಸೊಸೆಯರ ವಾದ ಶುರುವಾಯಿತು.

"ಮಾವ, ಮುಂದಿನ ತಿಂಗಳು ಪೈಪಿನ ಬಗ್ಗೆ ಅಹವಾಲು ಸಭೆ ಇದೆ. ನೀವು ಬರ್ಬೇಕು."

"ನಾನ್ಯಾಕೆ? ಪೈಪು ತನ್ನ ಪಾಡಿಗೆ ತಾನು ಮಲಗಿದೆ. ನೀವೂ ಮಲಗಿ."

"ಮಲಗಿಲ್ಲ ಮಾವ. ಅದರ ಕೆಳಗಿನ ಮರಳು ಸೆಳೆತಕ್ಕೆ ಕೊಚ್ಚಿ ಹೋಗಿದೆ. ಅಲ್ಲಲ್ಲಿ ಪೈಪು ಗಾಳೀಲಿ ನೇತಾಡೋ ಹಗ್ಗದ ಥರ ನೀರಲ್ಲಿ ನೇತಾಡ್ತಾ ಇದೆ. ಮೇಲಿನ ಲೇಪ ಕಿತ್ತು ಬಂದಿದೆ."

"ನಾನು ಹುಟ್ಟೋಕ್ ಮುಂಚಿಂದ ಇದೆ. ಏನಾಯ್ತು? ಹೋದ ವರ್ಷ ತಡೀತು. ಅದರ ಹಿಂದಿನ ವರ್ಷ ತಡೀತು. ಈ ವರ್ಷನೂ ತಡಿಯತ್ತೆ."

ಡೋರೀನ್ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟಳು.

"ನಾಳೆ ಬೆಳಿಗ್ಗೆ ನಾನು ಬಂದು, ಮಾವ, ಗಡ್ಡೆ ನೋಡ್ಬೇಡಿ, ಹೋದ ವರ್ಷ ತಡೆದಿತ್ತಲ್ಲ, ಶಾಲೆ ಮಕ್ಕಳನ್ನ ಬಿಟ್ಬಿಡಿ ಅಂದ್ರೆ ಬಿಡ್ತೀರಾ?"

ಅರ್ಮಾಂಡ್ ಮೀನಿನ ಮುಳ್ಳು ತೆಗೆಯುತ್ತಾ ಕೂತರು. ತೆಗೆಯಲು ಮುಳ್ಳೇ ಉಳಿದಿರಲಿಲ್ಲ.

ನನಗೆ ಬಾಯಿ ತಡೆಯಲಿಲ್ಲ. "ಡೋರೀನ್, ಮರ ನೆಡೋವಾಗ ಒಂದು ತೂತಲ್ಲಿ ಪೆಟ್ರೋಲ್ ವಾಸನೆ ಬಂತು ಕಣೇ," ಎಂದೆ.

"ಎಲ್ಲಿ ಅತ್ತೆ?"

"ಪೈಪಿನ ಹತ್ರ."

"ಯಾವಾಗ?"

ನಾನು ಹೇಳಿದೆ. ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಅರ್ಮಾಂಡ್ ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ಅವರೂ ಎದ್ದು ಬೂಟು ಹಾಕಿಕೊಂಡರು.

ಬಿಸಿಲಿನ್ನೂ ಇತ್ತು. ಆ ಮರದ ಹತ್ತಿರ ಹೋದೆವು. ಅದು ಹಸಿರಾಗಿ, ಯಾರೋ ಮಕ್ಕಳು ಬಿಡಿಸದೆ ಬಿಟ್ಟ ಕೆಂಪು ರಿಬ್ಬನ್ನಿನ ಸಮೇತ ನಿಂತಿತ್ತು. ಅರ್ಮಾಂಡ್ ಸುತ್ತಲಿನ ಗಡ್ಡೆ ಕಡಿದು ಮರವನ್ನು ಮೇಲಕ್ಕೆ ಎಳೆದರು. ಬುಡ ಕಪ್ಪಗಿತ್ತು. ಕಪ್ಪಗೆ, ಅಂಟಂಟಾಗಿ, ತೊಟ್ಟಿಕ್ಕುತ್ತಿತ್ತು. ಇದು ಮಷೀನಿನ ಪೆಟ್ರೋಲ್ ಎಂದು ಹೇಳಲು ಅವರಿಗೂ ಬಾಯಿ ಬರಲಿಲ್ಲ.

ಡೋರೀನ್ ಪೈಪಿನ ಕಂಪನಿಗೆ ಫೋನು ಮಾಡಿದಳು. ಕಂಪನಿಯವರು, "ನಮ್ಮ ಪರದೆಯ ಮೇಲೆ ಏನೂ ತೋರಿಸುತ್ತಿಲ್ಲವಲ್ಲ," ಎಂದರಂತೆ. ಸೋರಿಕೆ ಅಷ್ಟು ಸಣ್ಣದು. ಅವರ ಯಂತ್ರಕ್ಕೆ ಸಣ್ಣದು. ಪೈಪು ನಿಲ್ಲಿಸುವ ಹೊತ್ತಿಗೆ ಅದು ಎಷ್ಟು ದಿನದಿಂದ ಸೋರುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಬೇಸಿಗೆಯಾಗಿದ್ದರೆ ಎಣ್ಣೆ ನೀರಿನ ಮೇಲೆ ಕಾಣುತ್ತಿತ್ತು. ಈಗ ಅದು ಗಡ್ಡೆಯ ಕೆಳಗಿತ್ತು. ನಮ್ಮಲ್ಲಿ ನೀರು ಒಂದು ದಿನ ಪೂರ್ವಕ್ಕೆ ಸೆಳೆದರೆ ಇನ್ನೊಂದು ದಿನ ಪಶ್ಚಿಮಕ್ಕೆ ಸೆಳೆಯುತ್ತದೆ. ಎಣ್ಣೆ ಎರಡೂ ಕಡೆ ಹೋಯಿತು. ಎಣ್ಣೆ ತೆಗೆಯುವ, ಕಿತ್ತಲೆ ಬಣ್ಣದ ಬಟ್ಟೆಯ ಕೆಲಸಗಾರರು ಬಂದು ಗಡ್ಡೆ ಸೀಳಿದರು, ಪಂಪು ಇಟ್ಟರು. ಸೀಳಿದ ಕಡೆ ಒಂದಿಷ್ಟು ಸಿಕ್ಕಿತು. ಸೀಳದ ಕಡೆ ಇರುವುದು ಅಲ್ಲೇ ಉಳಿಯಿತು. ನಮ್ಮ ದಾರಿ ಮುಚ್ಚಿತು. ನಲ್ಲಿ ಮುಚ್ಚಿದರು, ಏಕೆಂದರೆ ಊರಿಗೆ ನೀರು ಬರುವುದು ಅದೇ ಸರೋವರದಿಂದ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಸಿಹಿನೀರು, ನಾವು ಕುಡಿಯುತ್ತಿದ್ದದ್ದು ಹೆಲಿಕಾಪ್ಟರಿನಲ್ಲಿ ಬಂದ ಬಾಟಲಿ ನೀರು.

ಒಂದು ಸಂಜೆ ಅರ್ಮಾಂಡ್ ಕೇಳಿದರು, "ಡೋರೀನ್, ಮೀನಿನ ಗತಿ?"

"ಬಿಳಿಮೀನು ಚಳಿಗಾಲಕ್ಕೆ ಮುಂಚೆ ಮೊಟ್ಟೆ ಇಡತ್ತೆ, ನಿಮಗೇ ಗೊತ್ತಲ್ಲ ಮಾವ. ಈಗ ಆ ಮೊಟ್ಟೆಯೆಲ್ಲ ಕಲ್ಲಿನ ಸಂದೀಲಿದೆ. ಗಡ್ಡೆ ಕರಗಿದ ಮೇಲೆ ಮರಿ ಆಗ್ಬೇಕು."

"ಆಗತ್ತಾ?"

"ಗೊತ್ತಿಲ್ಲ. ಆ ಮರಿ ಬಲೆಗೆ ಬರೋ ಗಾತ್ರ ಆಗೋಕೆ ವರ್ಷಗಳು ಬೇಕು. ಬಲೆ ಖಾಲಿ ಬಂದಾಗ ಗೊತ್ತಾಗತ್ತೆ."

"ನಾನು ಅವತ್ತೇ ಹೇಳಿದ್ದಿದ್ರೆ?"

"ಅಷ್ಟು ದಿನದ್ದು ಕಡಿಮೆ ಆಗ್ತಿತ್ತು, ಮಾವ."

ಅವಳು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಒಳ್ಳೆಯದೇ ಮಾಡಿದಳು. ಆ ರಾತ್ರಿ ನಮ್ಮ ಮನೆಯವರು ಊಟ ಮುಟ್ಟಲಿಲ್ಲ.

ಅಹವಾಲು ಸಭೆ ಆಚೆ ದಡದ ಶಾಲೆಯಲ್ಲಿ ನಡೆಯಿತು. ನಾವು ಸಣ್ಣ ವಿಮಾನದಲ್ಲಿ ಹೋದೆವು. ಅರ್ಮಾಂಡ್ ತಾಡಪಾಲಿನಲ್ಲಿ ಏನನ್ನೋ ಸುತ್ತಿ ತಂದಿದ್ದರು. ನಾನು ಕೇಳಲಿಲ್ಲ, ವಾಸನೆಗೇ ಗೊತ್ತಾಗಿತ್ತು.

ಕಂಪನಿಯ ಪರವಾಗಿ ಬಂದವರು ಮರ್ಯಾದಸ್ಥರ ಹಾಗೆ ಮಾತಾಡಿದರು. ಸೋರಿಕೆ ಸಣ್ಣದು, ಸರಿಪಡಿಸಿದ್ದೇವೆ, ಇಷ್ಟು ವರ್ಷ ಈ ಪೈಪು ಚೆನ್ನಾಗಿ ತಡೆದುಕೊಂಡಿದೆ, ಮತ್ತೆ ಶುರು ಮಾಡಲು ಅನುಮತಿ ಕೊಡಿ ಎಂದರು. ಅರ್ಮಾಂಡ್ ಎದ್ದು ನಿಂತರು. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಟೋಪಿಯನ್ನು ಹಿಂಡುತ್ತಿದ್ದರು.

"ನಾನು ಗಡ್ಡೆ ನೋಡೋನು," ಎಂದರು. "ಹೋದ ವರ್ಷ ತಡೆದಿತ್ತು ಅಂತ ನಾನು ಒಂದು ನಾಯೀನೂ ಗಡ್ಡೆ ಮೇಲೆ ಬಿಟ್ಟೋನಲ್ಲ. ಆದ್ರೆ ಈ ಪೈಪಿನ ವಿಷಯದಲ್ಲಿ ನಾನೂ ಅದೇ ಮಾತು ಹೇಳ್ತಾ ಇದ್ದೆ. ತೂತಲ್ಲಿ ವಾಸನೆ ಬಂದ್ರೂ ಸುಮ್ನಿದ್ದೆ. ನನ್ನದೂ ತಪ್ಪಿದೆ. ನಿಮ್ಮದು ನೀವು ನೋಡ್ಕೊಳ್ಳಿ."

ತಾಡಪಾಲು ಬಿಚ್ಚಿ ಮರವನ್ನು ಅಧಿಕಾರಿಗಳ ಮೇಜಿನ ಮೇಲೆ ಮಲಗಿಸಿದರು. ಕೆಂಪು ರಿಬ್ಬನ್ ಇನ್ನೂ ಇತ್ತು. ನಾತ ಇಡೀ ಕೋಣೆ ತುಂಬಿತು. ಮುಂದಿನ ಸಾಲಿನವರು ಕೆಮ್ಮಿದರು. ಅಧ್ಯಕ್ಷೆ ಕರವಸ್ತ್ರ ಮೂಗಿಗೆ ಹಿಡಿದು, "ದಯವಿಟ್ಟು ಇದನ್ನ ಹೊರಗೆ ತಗೊಂಡು ಹೋಗಿ, ಯಾರಿಗೂ ಉಸಿರಾಡೋಕೆ ಆಗ್ತಿಲ್ಲ," ಎಂದರು.

"ತಗೊಂಡು ಹೋಗ್ತೀನಿ ತಾಯಿ. ಮರ ಅಲ್ವಾ, ಹೊತ್ಕೊಂಡು ಹೋಗಬಹುದು. ನೀರಲ್ಲಿರೋದನ್ನ ಎಲ್ಲಿಗೆ ತಗೊಂಡು ಹೋಗ್ಲಿ?"

ಅರ್ಮಾಂಡ್ ಮರವನ್ನು ಹೊತ್ತುಕೊಂಡು ಹೊರಗೆ ಹೋದರು.

ತೀರ್ಮಾನ ಇನ್ನೂ ಬಂದಿಲ್ಲ. ಗಡ್ಡೆ ಕರಗಿದೆ. ಅರ್ಮಾಂಡ್ ಬಲೆ ಹೊಲಿಯುತ್ತಾ ಕೂರುತ್ತಾರೆ. ಚಳಿ ಬರುವ ಮೊದಲೇ ಗ್ಯಾಸಿನ ಟ್ಯಾಂಕು ತುಂಬಿಸಿಕೊಳ್ಳಿ, ಲಾರಿಯಲ್ಲೂ ತರಿಸಬಹುದು ಎಂದು ಡೋರೀನ್ ಮನೆಮನೆಗೂ ಹೇಳುತ್ತಿದ್ದಾಳೆ. ಗ್ಯಾಸಿಲ್ಲದೆ ಸಾಯುತ್ತೇವೆ ಎನ್ನುತ್ತಿದ್ದ ನಮ್ಮ ಮನೆಯವರೇ ಈಗ ಅವಳ ಜೊತೆ ಬಾಗಿಲು ತಟ್ಟುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಕುಡಿಯುವ ನೀರಿನ ಕೆಳಗೆ, ಪಕ್ಕದಲ್ಲಿ ಏನು ಹಾದು ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಅದನ್ನು ಕಡೆಯ ಸಲ ಯಾರು ನೋಡಿದರು, ಒಡೆದರೆ ಯಾರು ಬರುತ್ತಾರೆ, ಹಿಮದಲ್ಲೂ ಬಿರುಗಾಳಿಯಲ್ಲೂ ಬರುತ್ತಾರಾ ಎಂದು ಕೇಳಿ. ಅಹವಾಲು ಸಭೆ ಕರೆದರೆ ಮನೆಯಲ್ಲಿ ಕೂರಬೇಡಿ. ನೀರಿನ ಮೇಲೆ ಬಣ್ಣದ ಪೊರೆ ಕಂಡರೆ, ಎಣ್ಣೆ ವಾಸನೆ ಬಂದರೆ, ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ, ದೂರ ಸರಿದು ಆ ಕ್ಷಣವೇ ಫೋನು ಮಾಡಿ. ಯಾರದೋ ದೋಣಿಯದಿರಬೇಕು, ಮಷೀನಿನದಿರಬೇಕು ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ನಾವು ಹಾಗೆ ಕೊಟ್ಟುಕೊಂಡು ಆ ಎಣ್ಣೆಯ ಮೇಲೆ ಕ್ರಿಸ್‌ಮಸ್ ಮರ ನೆಟ್ಟು, ಅದರ ಪಕ್ಕದಲ್ಲೇ ದಿನಾ ಊರ ಮಕ್ಕಳನ್ನು ಶಾಲೆಗೆ ಕಳಿಸಿದೆವು.