ಮುಕ್ಕಾಗದ ಅಲಗು

"ಡೋರೀನ್ ಹತ್ರ ನಿಜ ಹೇಳು ಓರ್ವಿಲ್," ಎಂದು ಆಯ್ಲಾ ಗಂಡನಿಗೆ ಬಾಗಿಲಲ್ಲಿ ನಿಂತು ಹೇಳಿದ್ದಳು. "ಬಿಲ್ಲಿನ ಎಳೆತ ಅರವತ್ತರಿಂದ ನಲವತ್ತು ಪೌಂಡಿಗೆ ಇಳಿಸಿದೀವಿ ಅನ್ನು. ಅದಕ್ಕೆ ಹೊಂದೋ ಬಾಣದ ಅಲಗು ಕೊಡ್ತಾಳೆ."

"ಹೇಳ್ತೀನಿ ಮಾರಾಯ್ತಿ. ನಾನೇನು ಎಳೆಮಗುವೇ?"

ಸ್ಕ್ರೂ ತಿರುಗಿಸಿ ಬಿಗಿ ಹೆಚ್ಚು ಕಮ್ಮಿ ಮಾಡುವ ಈಗಿನ ಕಾಲದ ಬಿಲ್ಲು ಅದು; ಸಡಿಲ ಮಾಡಿದವಳು ಅವಳೇ. ಕಬ್ಬಿಣದ ಗಣಿಯಲ್ಲಿ ದುಡಿದು ದುಡಿದು ಓರ್ವಿಲ್‌ನ ಬಲಭುಜ ಸವೆದುಹೋಗಿತ್ತು. ಕಳೆದ ಚಳಿಗಾಲದಿಂದ ತೋಳಿನ ಮಾಂಸವೂ ಕರಗತೊಡಗಿ, ಬೆರಳಿಗೆ ಒಂದು ಸ್ಕ್ರೂ ತಿರುಗಿಸುವ ತ್ರಾಣ ಉಳಿದಿರಲಿಲ್ಲ. ಶೆಡ್ಡಿನಲ್ಲಿ ಅವನು ಬಿಲ್ಲು ಹಿಡಿದು ನಿಂತ, ಅವಳು ಅಲೆನ್ ಕೀ ಹಾಕಿ ತಿರುಗಿಸಿದಳು. ಒಂದೊಂದು ಸುತ್ತಿಗೂ ಅವನ ಮುಖ ಸಣ್ಣದಾಗುತ್ತ ಹೋಯಿತು. ಮುಂದಿನ ವರ್ಷ ಬಿಲ್ಲು ಎತ್ತುವ ಮಾತೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದರೆ ಇದೇ ಕೊನೆಯ ಬೇಟೆ. ಓರ್ವಿಲ್‌ಗೆ ಬದುಕಿನಲ್ಲಿ ಇದ್ದ ಹೆಮ್ಮೆ ಒಂದೇ: ಇಷ್ಟು ವರ್ಷದಲ್ಲಿ ಒಂದು ಜಿಂಕೆಯನ್ನೂ ಅವನು ನರಳಲು ಬಿಟ್ಟು ಕಾಡಿನಿಂದ ಬಂದವನಲ್ಲ. ಕೊನೆಯದೂ ಹಾಗೇ, ಒಂದೇ ಬಾಣಕ್ಕೆ, ನೋವು ತಿಳಿಯುವ ಮೊದಲೇ ಮುಗಿಯಬೇಕು. ದೇವರಲ್ಲಿ ಅವನು ಬೇರೇನನ್ನೂ ಕೇಳಿರಲಿಲ್ಲ.

ಡೋರೀನ್‌ಳ ಬೇಟೆ ಸಾಮಾನಿನ ಅಂಗಡಿಯಲ್ಲಿ ಒಲೆಯ ಸುತ್ತ ಗಣಿಯ ಹಳೇ ಗೆಳೆಯರು ಕಾಫಿ ಹಿಡಿದು ಕೂತಿದ್ದರು. ಕ್ಲಿಫರ್ಡ್ ಇದ್ದಲ್ಲಿ ಯಾರಿಗೂ ನೆಮ್ಮದಿಯಿಲ್ಲ.

"ಬಂದ ನೋಡ್ರಪ್ಪಾ ನಮ್ಮ ಭೀಮ! ಏನಯ್ಯಾ, ಇನ್ನೂ ಬಿಲ್ಲು ಎಳೀತೀಯೋ, ಆಯ್ಲಾನೇ ಎಳ್ಕೊಡ್ತಾಳೋ?"

"ನಿನ್ನ ಹೊಟ್ಟೆ ಎಳೆಯೋದಕ್ಕಿಂತ ಬಿಲ್ಲು ಎಳೆಯೋದು ಸುಲಭ ಬಿಡು."

"ನನ್ನ ಮೊಮ್ಮಗಳು ಈ ಸಲ ನಲವತ್ತು ಪೌಂಡ್ ಎಳೀತಿದಾಳೆ ಗೊತ್ತಾ? ಹನ್ನೆರಡು ತುಂಬಿಲ್ಲ ಇನ್ನೂ!"

ಎಲ್ಲರೂ ಭೇಷ್ ಎಂದರು. ಓರ್ವಿಲ್‌ನ ಕಿವಿ ಬಿಸಿಯಾಯಿತು.

ಡೋರೀನ್ ಗಲ್ಲಾದ ಮೇಲೆ ಎರಡು ಬಗೆಯ ಅಲಗು ಇಟ್ಟಳು. ನಾಟಿದಾಗ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಅಲಗನ್ನು ಓರ್ವಿಲ್ ಕೈಯಲ್ಲೂ ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡೂ ಅಲ್ಲಾಡದ, ಗಟ್ಟಿ ಉಕ್ಕಿನವೇ.

"ಇದು ಎರಡು ಅಂಚಿಂದು, ಕಿರಿದು. ಎಳೆತ ಕಮ್ಮಿ ಇರೋ ಬಿಲ್ಲಿಗೆ ಇದು. ಸಲೀಸಾಗಿ ತೂರಿ ಆಚೆ ಬರುತ್ತೆ. ಇದು ಮೂರು ಅಂಚಿಂದು, ಅಗಲ. ಒಂದೇ ಉಕ್ಕಿನ ಗಟ್ಟಿಯಿಂದ ಕೊರೆದಿದ್ದು, ಮೂಳೆಗೆ ಬಡಿದ್ರೂ ಮುಕ್ಕಾಗಲ್ಲ. ಆದ್ರೆ ಒಳಗೆ ತಳ್ಳೋಕೆ ಬಲ ಬೇಕು. ನಿಮ್ಮ ಬಿಲ್ಲು ಎಷ್ಟರಲ್ಲಿದೆ?"

ಒಲೆಯ ಕಡೆ ಮಾತು ನಿಂತಿತ್ತು. ಅಯ್ಯೋ, ಒಂದೇ ಒಂದು ಮಾತು! ನಲವತ್ತು ಅನ್ನಲು ಏನು ಧಾಡಿ? ನಕ್ಕಿದ್ದರೆ ನಗುತ್ತಿದ್ದರು, ನಾಲ್ಕು ದಿನ ಆಡಿಕೊಂಡು ಮರೆಯುತ್ತಿದ್ದರು. ಹಾಳು ಮರ್ಯಾದೆ ಬಿಡಲಿಲ್ಲ.

"ಅರವತ್ತು. ಯಾವಾಗ್ಲೂ ಇದ್ದ ಹಾಗೆ," ಎಂದ ಓರ್ವಿಲ್.

"ಹಾಗಾದ್ರೆ ಈ ಅಗಲದ್ದೇ ತಗೊಳ್ಳಿ. ಬಗ್ಗಿದ್ರೆ, ಮುರಿದ್ರೆ ವಾಪಸ್ ತನ್ನಿ, ಹೊಸದು ಕೊಡ್ತೀನಿ. ಆಯುಷ್ಯ ಪೂರ್ತಿ ಗ್ಯಾರಂಟಿ."

"ಯಾರ ಆಯುಷ್ಯ? ಅಲಗಿಂದೋ ಇವನದೋ?" ಎಂದ ಕ್ಲಿಫರ್ಡ್. ಅಂಗಡಿಗೆ ಅಂಗಡಿಯೇ ನಕ್ಕಿತು. ಓರ್ವಿಲ್ ಕೂಡ ನಕ್ಕ. ಮೂರು ಅಲಗುಗಳ ಪುಟ್ಟ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೊರಬಿದ್ದ.

"ಹೇಳಿದ್ಯಾ?" ಎಂದಳು ಆಯ್ಲಾ, ಅವನು ಮನೆಗೆ ಬಂದೊಡನೆ.

"ಹೇಳಿದೆ."

ಆ ಸಂಜೆ ಅಲಗನ್ನು ಮುಂಗೈ ಮೇಲೆ ಆಡಿಸಿ ನೋಡಿದ. ಕೂದಲು ನುಣ್ಣಗೆ ಬೋಳಿಸಿಕೊಂಡು ಬಂತು. ಇಷ್ಟು ಹರಿತವಿದ್ದರೆ ಬಲ ಯಾತಕ್ಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಕ್ಟೋಬರ್ ಕೊನೆಯ ವಾರ, ಇಬ್ಬನಿ ಹೆಪ್ಪುಗಟ್ಟಿದ ಬೆಳಗು. ಆಯ್ಲಾಳ ತಮ್ಮ ಅರ್ನಿ ಅವನನ್ನು ಹಿಂದಿನಿಂದ ತಳ್ಳಿ ಮರದ ಮೇಲಿನ ಅಟ್ಟಣೆ ಹತ್ತಿಸಿ, ತಾನು ಗಾಡಿಯ ಹತ್ತಿರ ಕಾಯಲು ಹೋದ. ಹೊತ್ತೇರಿದ ಮೇಲೆ ಹೆಣ್ಣು ಜಿಂಕೆಯೊಂದು ಕಾಡುಸೇಬಿನ ಮರದಡಿಗೆ ಬಂತು. ಓರ್ವಿಲ್ ಹಲ್ಲು ಕಚ್ಚಿ, ಮಣಿಕಟ್ಟಿಗೆ ಕಟ್ಟಿದ ಕೊಕ್ಕೆಯಿಂದ ಹೆದೆ ಎಳೆದ. ಭುಜಕ್ಕೆ ಬೆಂಕಿ ಬಿದ್ದಂತಾಯಿತು, ಆದರೂ ಗುರಿ ಅಲುಗಲಿಲ್ಲ. ಮುಂಗಾಲಿನ ಹಿಂದೆ, ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಆದರೆ ಬಾಣ ಆಚೆ ತೂರಿ ನೆಲಕ್ಕೆ ಬೀಳಬೇಕಿತ್ತು. ಬೀಳಲಿಲ್ಲ. ಮುಕ್ಕಾಲು ಪಾಲು ಹೊರಗೇ ನೇತಾಡುತ್ತಿದ್ದಂತೆ ಜಿಂಕೆ ಜೌಗಿನೊಳಕ್ಕೆ ನೆಗೆದು ಓಡಿತು.  ಏನಾಯಿತೆಂದು ಓರ್ವಿಲ್‌ಗೆ ಆ ಗಳಿಗೆಯಲ್ಲೇ ತಿಳಿದುಹೋಗಿತ್ತು.

ಸ್ವಲ್ಪ ಹೊತ್ತು ಕಾದು ಇಬ್ಬರೂ ಜಾಡು ಹಿಡಿದರು. ಅಲ್ಲೊಂದು ಹನಿ, ಇಲ್ಲೊಂದು ಹನಿ, ಆಮೇಲೆ ಅದೂ ಇಲ್ಲ.

"ಬಾಣ ಆಚೆ ಬಂದಿದ್ರೆ ಕೆಳಗಡೆ ರಂಧ್ರದಿಂದ ರಕ್ತ ಧಾರಾಕಾರ ಸುರೀತಿತ್ತು ಭಾವ," ಎಂದ ಅರ್ನಿ. "ಎಲ್ಲ ಒಳಗೇ ನಿಂತ್ಬಿಟ್ಟಿದೆ."

ಮುರಿದ ಬಾಣದ ಕಡ್ಡಿ ಸಿಕ್ಕಿತು. ಅಲಗು ಸಿಗಲಿಲ್ಲ. ಓರ್ವಿಲ್ ಮೊಣಕಾಲೂರಿ, ಒಂದೊಂದೇ ಎಲೆ ಮಗುಚಿ, ಕತ್ತಲಾಗುವವರೆಗೂ ಹುಡುಕಿದ. ಆ ರಾತ್ರಿಯ ಮಳೆ ಉಳಿದ ಗುರುತನ್ನೂ ತೊಳೆದುಬಿಟ್ಟಿತು. ಮಾರನೆಯ ದಿನವೆಲ್ಲ ಅಲೆದರೂ ಸುಳಿವಿಲ್ಲ. ಅದರ ಮರುದಿನ ದೇವದಾರುಗಳ ಮೇಲೆ ಕಾಗೆಗಳು ಸುತ್ತುವುದನ್ನು ಅರ್ನಿ ಕಂಡ.

ಜಿಂಕೆ ನೀರಂಚಿನಲ್ಲಿ ಬಿದ್ದಿತ್ತು. ನರಿಗಳು ಆಗಲೇ ಬಂದುಹೋಗಿದ್ದವು. ಸುತ್ತಲಿನ ಪಾಚಿ ಗೊರಸಿನಿಂದ ಕಿತ್ತುಹೋಗಿತ್ತು. ಅದು ಮಲಗಿ, ಎದ್ದು, ತೆವಳಿ, ಮತ್ತೆ ಮಲಗಿದ ಗುರುತು ಒಂದೆರಡಲ್ಲ.

"ಇದು ಮೊದಲ್ನೇ ದಿನ ಸತ್ತಿಲ್ಲ," ಎಂದು ಅರ್ನಿ ಬಾಯಿತಪ್ಪಿ ಅಂದುಬಿಟ್ಟ. ಓರ್ವಿಲ್ ಕುಸಿದು ಕೂತು ಮುಖ ಮುಚ್ಚಿಕೊಂಡ.

ಅವನ ಅವಸ್ಥೆ ನೋಡಲಾರದೆ ಅರ್ನಿ ಚಾಕು ತೆಗೆದು ಪಕ್ಕೆಲುಬಿನ ನಡುವಿನಿಂದ ಅಲಗನ್ನು ಕೆದಕಿ ತೆಗೆದ. "ನಿಂದೇನೂ ತಪ್ಪಿಲ್ಲ ಭಾವ, ಗುರಿ ಸರಿಯಾಗೇ ಇದೆ. ಅಲಗು ಬಗ್ಗಿರುತ್ತೆ, ಬೇಕಾದ್ರೆ ನೋಡು. ಈಗಿನ ಮಾಲೇ ಹೀಗೆ. ಹೋಗಿ ಆ ಡೋರೀನ್ ಮುಖಕ್ಕೇ ಎಸೀತೀನಿ." ಜೌಗಿನ ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಮೂರು ಅಂಚೂ ನೆಟ್ಟಗಿದ್ದವು. ಅರ್ನಿ ಅದನ್ನು ಭಾವನ ಅಂಗೈಯಲ್ಲಿಟ್ಟ.

ಮನೆಗೆ ಬಂದ ಓರ್ವಿಲ್ ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು ಕೂತ. ಆಯ್ಲಾ ಎದುರಿಗೆ ಕೂತಳು.

"ಡೋರೀನ್‌ಗೆ ಹೇಳಿದ್ಯಲ್ಲ? ಮತ್ಯಾಕೆ ಇಷ್ಟಗಲದ್ದು ಕೊಟ್ಟಳು?"

"ಅರವತ್ತು ಅಂದೆ."

ಆಯ್ಲಾ ಅಲಗನ್ನು ಅವನ ಕಡೆಗೆ ಸರಿಸಿದಳು. "ಯಾರಿದ್ರು ಅಲ್ಲಿ?"

"ಕ್ಲಿಫರ್ಡ್."

"ಆ ಕ್ಲಿಫರ್ಡ್ ಎದುರಿಗೆ!" ಎಂದವಳೇ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕೈ ಹೋಗುತ್ತಿದೆ ಎಂದು ಡಾಕ್ಟರು ಹೇಳಿದ ದಿನ ಕೂಡ ಅವಳು ಅತ್ತಿರಲಿಲ್ಲ. "ಎತ್ತಿಡು ಅದನ್ನ. ನನ್ನ ಕಣ್ಮುಂದೆ ಬೇಡ."

ಓರ್ವಿಲ್ ಕೈ ಚಾಚಿದ. ಬೆರಳುಗಳು ಮಡಚಲಿಲ್ಲ, ಅಲಗು ಮೇಜಿನ ಮೇಲೆ ಅತ್ತಿತ್ತ ಜಾರಿತು. ಕೊನೆಗೆ ಆಯ್ಲಾಳೇ ಕಣ್ಣೊರೆಸಿಕೊಂಡು, ಅದನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದಳು. ಒಳಗೆ ಇನ್ನೆರಡು ಹೊಸವು ಇದ್ದವು. ಮುಚ್ಚುವ ಮೊದಲು ಓರ್ವಿಲ್ ಬಗ್ಗಿ ನೋಡಿದ. ಮೂರರಲ್ಲಿ ಯಾವುದು ಆ ಜಿಂಕೆಯೊಳಗಿತ್ತು ಎಂದು ಅವನಿಗೆ ಗುರುತೇ ಸಿಗಲಿಲ್ಲ.