ಒತ್ತದ ಗುಂಡಿಗೆ ಎತ್ತಿದ ಕೈ

ಕೇಳಿಸಲಿಲ್ಲ ಅಂದರೆ ಮಗ್ಗ ಕೈತಪ್ಪುತ್ತದೆ. ಕೇಳಿಸಿತು ಅಂದರೆ ಸುಳ್ಳಾಗುತ್ತದೆ. ಯಾವುದನ್ನು ಹೇಳುವುದು? ಇಪ್ಪತ್ತೆಂಟು ವರ್ಷ ವಿದ್ಯುತ್ ಮಗ್ಗ ನಡೆಸಿದ ನೇಕಾರ ಸಾಲಿನಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದ. ಶೆಡ್ಡಿನ ಮುಂದೆ ಒಂದು ವ್ಯಾನು ಬಂದಿತ್ತು. ಮಗ್ಗದ ಸದ್ದು ಕಿವಿಗೆ ಏನು ಮಾಡುತ್ತದೆಂದು ತಿಳಿಯಲು ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಪರೀಕ್ಷೆ ಅದು.

ಅವನ ಹಿಂದೆ ಮಗಳು ನಿಂತಿದ್ದಳು. ಅವಳು ಪಕ್ಕದ ಮಗ್ಗಕ್ಕೆ ಸೇರಿ ಎಂಟು ತಿಂಗಳಾಗಿತ್ತು.

"ನಮಗ್ಯಾಕಪ್ಪಾ ಪರೀಕ್ಷೆ?" ಎಂದ ಮುಂದಿದ್ದ ನೂಲು ಸುತ್ತುವವನು. "ನಮ್ಮ ಶೆಡ್ಡಲ್ಲಿ ಗುಟ್ಟು ಹೇಳೋಕೂ ಕಿರುಚ್ಬೇಕು. ಊರಿಗೆಲ್ಲ ಕೇಳುತ್ತೆ, ಪಕ್ಕದಲ್ಲಿರೋನಿಗೆ ಮಾತ್ರ ಕೇಳಲ್ಲ."

ಎಲ್ಲರೂ ನಕ್ಕರು. ನೇಕಾರ ಅವರ ಮುಖ ನೋಡಿ ನಕ್ಕ.

ವ್ಯಾನಿನಲ್ಲಿ ತಪಾಸಣೆಯ ಹೆಂಗಸು ಅವನಿಗೆ ಹೆಡ್‌ಫೋನ್ ಹಾಕಿ ಎದುರಿಗೆ ಕುಳಿತಳು. ಅವಳು ಯಂತ್ರದ ಗುಂಡಿ ಒತ್ತಿದರೆ ಹೆಡ್‌ಫೋನಿನಲ್ಲಿ ಸದ್ದು ಬರುತ್ತದೆ, ಕೇಳಿದಾಗಲೆಲ್ಲ ಕೈ ಎತ್ತಬೇಕು, ಅಷ್ಟೆ.

ಮಗ್ಗದ ಮುಂದೆ ಮಾತು ಕೇಳಿಸುವುದಿಲ್ಲ. ಅಲ್ಲಿಯವರು ತುಟಿ, ಹುಬ್ಬು, ಬೆರಳು ನೋಡಿಯೇ ಮಾತಾಡಿಕೊಳ್ಳುತ್ತಾರೆ. ಅದರಲ್ಲಿ ಅವನನ್ನು ಮೀರಿಸಿದವರಿಲ್ಲ. ಗುಂಡಿ ಒತ್ತುವಾಗ ಆ ಹೆಂಗಸಿನ ಕಣ್ಣು ಕೆಳಗಿಳಿಯುತ್ತಿತ್ತು, ಹೆಗಲು ಎಳ್ಳಷ್ಟು ಅಲುಗುತ್ತಿತ್ತು. ಅವನಿಗೆ ಅಷ್ಟು ಸಾಕಾಯಿತು. ಪ್ರತಿ ಸಲವೂ ಕೈ ಎತ್ತಿದ.

ಅವಳು ಹೆಡ್‌ಫೋನ್ ತೆಗೆದಳು.

"ಅಣ್ಣಾ, ಕೊನೇ ನಾಲ್ಕು ಸಲ ನಾನು ಗುಂಡಿ ಒತ್ತಲೇ ಇಲ್ಲ, ಒತ್ತಿದ ಹಾಗೆ ಮಾಡ್ದೆ ಅಷ್ಟೆ."

ಅವನು ನೆಲ ನೋಡಿದ.

"ಮಾಲೀಕರಿಗೆ ಗೊತ್ತಾದ್ರೆ ಮಗ್ಗ ಹೋಗುತ್ತೆ ತಾಯಿ. ಈ ವಯಸ್ಸಲ್ಲಿ ನನ್ನ ಯಾರು ಕರೀತಾರೆ?"

"ಹಾಳೇಲಿ ನಿಮ್ಮ ಹೆಸರಿಲ್ಲ, ಬರೀ ನಂಬರು. ಫಲಿತಾಂಶ ನಿಮ್ಮ ಕೈಗೇ ಕೊಡ್ತೀವಿ. ಮಾಲೀಕರಿಗೆ ಕೊಡಲ್ಲ."

"ಮತ್ತೆ ಸರ್ಕಾರಕ್ಕೇನು, ದುಡ್ಡು ಹೆಚ್ಚಾಯ್ತಾ?"

"ಹೆಚ್ಚಾಗಿಲ್ಲ ಅಂತಾನೇ ಅಳೆದು ಕೊಡೋದು. ಎಲ್ಲಿ ಜನಕ್ಕೆ ಏನಾಗ್ತಿದೆ ಅಂತ ಗೊತ್ತಾದ್ರೆ ತಾನೇ ಅಲ್ಲಿಗೆ ಕಿವಿ ಉಳಿಸ್ಕೊಳ್ಳೋ ತರಬೇತಿ ಬರೋದು? ನೀವು ಹೀಗೆ ಕೈ ಎತ್ತಿದ್ರೆ, ಈ ಶೆಡ್ಡಲ್ಲಿ ಎಲ್ಲಾ ಸರಿಯಾಗಿದೆ ಅಂತ ಬರ್ಕೊಂಡು ಹೋಗ್ತೀವಿ."

"ಹೊರಗೆ ಮಗಳಿದ್ದಾಳೆ. ಮೆಲ್ಲಗೆ ಮಾತಾಡಮ್ಮ."

"ಅವಳೂ ಮಗ್ಗದವಳಾ?"

"ನನ್ನ ಪಕ್ಕದ್ದೇ."

"ಹೋದ ಕಿವಿ ಬರಲ್ಲ ಅಣ್ಣಾ. ಅವಳದ್ದು ಉಳಿಸ್ಕೋಬಹುದು."

ಅವನು ತಾನೇ ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಈ ಸಲ ಕೈ ಮೂರು ಬಾರಿ ಮೇಲೆದ್ದಿತು. ಉಳಿದ ಹೊತ್ತೆಲ್ಲ ತೊಡೆಯ ಮೇಲೆಯೇ ಇತ್ತು.

ಕೆಲವು ತಿಂಗಳಿಗೆ ಶೆಡ್ಡಿಗೆ ತರಬೇತಿ ಬಂತು. ಸಡಿಲವಾದ ಬೋಲ್ಟು ಬಿಗಿದರೆ, ಎಣ್ಣೆ ಬಿಟ್ಟರೆ, ಮಗ್ಗದ ಕಾಲಿಗೆ ರಬ್ಬರು ಹಾಕಿದರೆ ಸದ್ದು ಇಳಿಯುತ್ತದೆ ಎಂದು ತೋರಿಸಿದರು. ಮಗಳು ಕಿವಿಗೆ ತುರುಕಿಕೊಳ್ಳುತ್ತಿದ್ದ ಹತ್ತಿಯನ್ನು ತೆಗೆಸಿದರು. ಹತ್ತಿ ಈ ಸದ್ದನ್ನು ತಡೆಯುವುದಿಲ್ಲ. ಮೆತ್ತನೆಯ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಉಬ್ಬುವ ತನಕ ಹಿಡಿದಿರಬೇಕು.

ಮಗಳು ಒಪ್ಪಲಿಲ್ಲ. "ಇಷ್ಟು ಬಿಗಿಯಾಗಿ ಕಿವಿ ಮುಚ್ಕೊಂಡ್ರೆ ಮಗ್ಗ ಕೆಟ್ಟಿದ್ದು ಹೇಗಪ್ಪಾ ಗೊತ್ತಾಗುತ್ತೆ?"

"ಕಣ್ಣಿಲ್ವಾ? ನಾನು ಇಷ್ಟು ವರ್ಷ ಹೇಗೆ ನೋಡ್ಕೊಂಡೆ ಅಂದ್ಕೊಂಡೆ?" ಎಂದ ಅವನು, ಜೇಬಿನಿಂದ ತನ್ನ ಫಲಿತಾಂಶದ ಹಾಳೆ ತೆಗೆದು ಅವಳ ಕೈಗಿಟ್ಟ.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಪ್ಲಗ್ ಹೊಸೆಯತೊಡಗಿದಳು.

ನೀವು ಮಗ್ಗದಲ್ಲೋ ಗಿರಣಿಯಲ್ಲೋ ಲೋಹ ಬಡಿಯುವಲ್ಲೋ ದುಡಿಯುವವರೇ? ಒಂದು ತೋಳಿನ ದೂರದಲ್ಲಿರುವವರ ಜೊತೆಗೂ ಕೂಗಿ ಮಾತಾಡುತ್ತೀರಾ? ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಡುತ್ತದೆಯೇ? ಹಾಗಾದರೆ ಇಂದೇ ಕಿವಿ ತೋರಿಸಿ. ನಿಮ್ಮಲ್ಲಿಗೆ ಪರೀಕ್ಷೆಯವರು ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾರೂ ಬಾರದಿದ್ದರೆ, ತರಬೇತಿ ಎಲ್ಲಿ ಎಂದು ಕೇಳಿ. ಸರ್ಕಾರದ ಹಣ ನಮ್ಮೆಲ್ಲರ ಹಣ. ಕೇಳುವುದು ಬೇಡುವುದಲ್ಲ.

ನೇಕಾರ ಮಗಳಿಗೆ ಹಾಳೆ ತೋರಿಸಿದನೇ ಹೊರತು ಒಂದು ಮಾತನ್ನು ಎಂದೂ ಹೇಳಲಿಲ್ಲ. ಅವಳನ್ನು ಕೆಲಸಕ್ಕೆಂದು ಆ ಶೆಡ್ಡಿಗೆ ಕರೆದುಕೊಂಡು ಹೋದ ದಿನವೇ, ತನ್ನ ಕಿವಿ ಹೋಗಿರುವುದು ಅವನಿಗೆ ಗೊತ್ತಿತ್ತು.