ಮೀನಿಗೆ ಹೆಪ್ಪು

ಕಲಿತ ವಿದ್ಯೆಯನ್ನು ಹೆತ್ತ ತಾಯಿಗೆ ಅರ್ಥ ಮಾಡಿಸುವುದು ಕಷ್ಟ. ಅರ್ಥ ಮಾಡಿಸಿ ಆಯಿತು ಅಂದುಕೊಂಡವರ ಪಾಡು ಅದಕ್ಕಿಂತ ಕಷ್ಟ. ಗಂಗೊಳ್ಳಿಯ ನವ್ಯಶ್ರೀಗೆ ಆದದ್ದು ಈ ಎರಡನೆಯದು.

ಅವಳು ಬ್ರಹ್ಮಾವರದ ಕಡೆಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಕೂತಿದ್ದಳು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ ಪ್ರೋಟೀನಿಗೆ ಪ್ರೋಟೀನು ಬೆಸೆಯುವ ಕಿಣ್ವ ತಯಾರಿಸುತ್ತದೆ. ಆ ಕಿಣ್ವದ ರಚನೆಯನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಇನ್ನೂ ಭದ್ರವಾಗಿ ಬೆಸೆಯುವಂತೆ ಮಾಡುವುದು ನವ್ಯಶ್ರೀಯ ಕೆಲಸ. ಪೇಟೆಯಲ್ಲಿ ಮೀನು ಮಾರುವ ತಾಯಿ ಸುಗುಣ ಒಂದು ದಿನ, "ಅಲ್ಲ್ ನೀ ಮಾಡುದ್ ಎಂತ ಹೆಣೆ?" ಎಂದು ಕೇಳಿದಳು.

"ಹಾಲಿಗೆ ಹೆಪ್ಪ್ ಹಾಕ್ದಾಂಗೆ ಅಮ್ಮ. ಒಂಚೂರ್ ಹಾಕ್ರೆ ಎಲ್ಲ ಗಟ್ಟಿ ಆತ್ತ್."

ಅವತ್ತಿನಿಂದ ಮನೆಯಲ್ಲಿ ಕಿಣ್ವದ ಹೆಸರೇ ಹೆಪ್ಪು. ಸುಗುಣ ಗಿರಾಕಿಗಳಿಗೆ ಬಂಗಡೆ ಎಣಿಸಿ ಕೊಡುವಾಗಲೂ "ನಮ್ ಹೆಣ್ಣ್ ಹೆಪ್ಪಿನ್ ಡಾಕ್ಟ್ರ್ ಆತ್ಲ್" ಎಂದು ಹೇಳಿಕೊಳ್ಳುವಳು. ಕೇಳಿದವರು ತಲೆಯಾಡಿಸಿ ಮೀನಿನ ಕಿವಿರು ಎತ್ತಿ ನೋಡುವರು.

ಆದರೆ ಹೆಪ್ಪು ಕೈಕೊಡುತ್ತಿತ್ತು. ಪ್ರಯೋಗಾಲಯದ ಶುದ್ಧ ದ್ರಾವಣದಲ್ಲಿ ಚೆನ್ನಾಗಿ ಬೆಸೆಯುವ ಕಿಣ್ವ, ಉಪ್ಪು, ಕೊಬ್ಬು ಇರುವ ನಿಜವಾದ ಆಹಾರಕ್ಕೆ ಹಾಕಿದ ಕೂಡಲೇ ಮುನಿಸಿಕೊಂಡು ಕೂರುತ್ತಿತ್ತು. ಮಾರ್ಗದರ್ಶಕಿ ಶ್ರೀಲತಾ ಮೇಡಂ ಕೊನೆಗೆ ಮುಲಾಜಿಲ್ಲದೆ ಹೇಳಿಬಿಟ್ಟರು: ಹೊಸದಾಗಿ ತಿದ್ದಿದ ಈ ಕಿಣ್ವವೂ ಅರೆದ ಮೀನನ್ನು ಒಂದುಗೂಡಿಸದಿದ್ದರೆ ವಿಷಯವನ್ನೇ ಬದಲಿಸು. ಅಂದರೆ ಇಷ್ಟು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೀನು ಬೋಟಿನಿಂದ ಇಳಿದಷ್ಟು ತಾಜಾ ಇದ್ದರೆ ಮಾತ್ರ ಚೆನ್ನಾಗಿ ಬೆಸೆಯುವುದು. ಹಾಗಾಗಿ ನವ್ಯಶ್ರೀ, ಮೇಡಂ ಅವರ ಒಪ್ಪಿಗೆ ಪಡೆದು, ಇದ್ದ ಒಂದೇ ಒಂದು ಸಣ್ಣ ಬಾಟಲಿ ಕಿಣ್ವದ ಪುಡಿಯನ್ನು ಮಂಜುಗಡ್ಡೆಯಲ್ಲಿಟ್ಟು ಮನೆಗೆ ತಂದಳು. ಬೈಂದೂರಿನ ಮದುವೆಗೆ ಹೋಗುವ ಮೇಡಂ ಮರುದಿನ ಬೆಳಿಗ್ಗೆ ದಾರಿಯಲ್ಲಿ ಇಳಿದು ನೋಡುವುದೆಂದು ಮಾತಾಯಿತು. ಮೀನು ಬಂತು. ಮುಳ್ಳು ತೆಗೆದು, ಅರೆದು, ಉಪ್ಪು ಬೆರೆಸಿ ಡಬ್ಬಿಗೆ ತುಂಬಿದ್ದೂ ಆಯಿತು. ಆಗ ನೆನಪಾಯಿತು: ಬಾಟಲಿಯ ಪುಡಿ ತೂಗುವ ಪುಟ್ಟ ತಕ್ಕಡಿ ಬ್ರಹ್ಮಾವರದಲ್ಲೇ ಉಳಿದಿದೆ. ಓಡಿದಳು.

ತಕ್ಕಡಿ ಸಿಕ್ಕಿತು, ತಿರುಗಿ ಬರುವ ಬಸ್ಸು ಮಾತ್ರ ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಹೆದ್ದಾರಿ ಅಗಲ ಮಾಡುವ ಕೆಲಸದ ಗದ್ದಲ ಬೇರೆ. ಅರೆದ ಮೀನು ಕಾಯುತ್ತದೆಯೇ? ತೂಕ ಹಾಳಾಗಿ ಹೋಗಲಿ ಎಂದು ಅಲ್ಲಿಂದಲೇ ಮನೆಗೆ ಫೋನು ಮಾಡಿದಳು.

"ಅಮ್ಮ, ಫ್ರಿಜ್ಜಂಗೆ ನೀಲಿ ಮುಚ್ಚಳದ್ ಬಾಟ್ಲಿ ಇತ್ತಲ್ದಾ, ಅದೇ ಹೆಪ್ಪ್. ಪೂರಾ ಮೀನಿಗೆ ಹಾಕಿ ಕಲಸಿ ಇಡ್."

"ಎಂತಕ್ಕೆ ಹಾಕುದ್?"

"ಮೀನಿಗೆ, ಮೀನಿಗೆ." ಅಷ್ಟರಲ್ಲಿ ಫೋನು ಕಡಿಯಿತು. ಮುಂದಕ್ಕೆ ಬಸ್ಸು ಸಿಗದೆ ಆ ರಾತ್ರಿ ಅವಳು ಬ್ರಹ್ಮಾವರಕ್ಕೇ ಹಿಂತಿರುಗಿ ಗೆಳತಿಯ ಮನೆಯಲ್ಲಿ ಉಳಿದಳು.

ಬೆಳಿಗ್ಗೆ ಮೇಡಂ ಜೊತೆ ಅವರ ಕಾರಿನಲ್ಲೇ ಬಂದಿಳಿದ ನವ್ಯಶ್ರೀ, ಚಪ್ಪಲಿ ಬಿಟ್ಟವಳೇ ಮೀನಿನ ಡಬ್ಬಿ ತೆಗೆದಳು. ಚಮಚ ಇಟ್ಟರೆ ಚಟ್ನಿಗೆ ಇಳಿದಂತೆ ಸರ್ರನೆ ಇಳಿಯಿತು. ಮತ್ತೊಂದು ಕಡೆ ಒತ್ತಿದಳು, ಅಲ್ಲಿಯೂ ಅದೇ ಗತಿ. ಮೇಡಂ ಕನ್ನಡಕ ತೆಗೆದು ಒರೆಸಿದರು. ಅವರು ಬೈಯುವಾಗ ಕನ್ನಡಕ ಒರೆಸುವುದಿಲ್ಲ, ಸಮಾಧಾನ ಹೇಳುವ ಮೊದಲು ಒರೆಸುತ್ತಾರೆ. ಅದು ಗೊತ್ತಿದ್ದದ್ದರಿಂದಲೇ ನವ್ಯಶ್ರೀಗೆ ಅಳು ಬಂತು.

ಅಷ್ಟರಲ್ಲಿ ಅಡುಗೆಮನೆಯಿಂದ ಸುಗುಣ ಬಂದಳು. ಕೈಯಲ್ಲಿ ಮೊಸರಿನ ಪಾತ್ರೆ, ಮುಖದಲ್ಲಿ ಸಿಟ್ಟು.

"ಎಂಥಾ ಹೆಪ್ಪ್ ಮಾರಾಯ್ತಿ ನಿಂದ್? ಮೊಸ್ರ್ ಕಲ್ಲಾಯ್ತ್. ಸೌಟ್ ಹಾಕ್ರೆ ಸೌಟೇ ನಿಂತ್ಕಂಡಿತ್ ಕಾಣ್."

"ಅಮ್ಮ, ಬಾಟ್ಲಿ ಎಂತಕ್ಕೆ ಹಾಕ್ದೆ?"

"ಹಾಲಿಗೆ. ಮತ್ತೆಂತಕ್ಕೆ ಹಾಕುದ್ ಹೆಪ್ಪ್?"

"ಮೀನಿಗೆ ಅಂದಿದ್ನಲ್ಲೆ."

"ಅಂದಿದ್ದೆ. ಬಸ್ಸಿನ್ ಗಲಾಟೆಯಂಗೆ ಬಾಯ್ ತಪ್ಪಿತ್ ಅಂದ್ಕಂಡೆ. ಮೀನಿಗೆ ಹೆಪ್ಪ್ ಹಾಕುಕೆ ನಂಗೆ ಮರ್ಲಾ? ಮೀನೂ ಮೊಸ್ರೂ ಒಟ್ಟಿಗೆ ತಿಂದ್ರೆ ಮೈಯೆಲ್ಲ ಬಿಳಿ ಕಲೆ ಬತ್ತ್."

ಹೌದಲ್ಲ. ಮೀನು ಸಾರು ಮಾಡಿದ ದಿನ ಮೊಸರಿನ ಪಾತ್ರೆಯ ಮುಚ್ಚಳವನ್ನೂ ತೆಗೆಯದ ಮನೆ ಅದು. ಆ ಮನೆಯಲ್ಲಿ ಹುಟ್ಟಿ ಬೆಳೆದು, ಕಿಣ್ವಕ್ಕೆ ಹೆಪ್ಪು ಎಂದು ಹೆಸರಿಟ್ಟವಳು ತಾನೇ. ಯಾರನ್ನು ಬೈಯುವುದು?

ಮೇಡಂ ಮಾತ್ರ ಕನ್ನಡಕ ಏರಿಸಿಕೊಂಡು ಪಾತ್ರೆಯ ಹತ್ತಿರ ಬಂದಿದ್ದರು. "ಅಮ್ಮಾ, ಬಾಟಲಿಯದು ಮಾತ್ರ ಹಾಕಿದ್ದಾ?"

"ಇಲ್ಲೆ. ಅದ್ರ ಮೇಲೆ ಎಂಥಾ ನಂಬಿಕೆ? ಹಾಲ್ ಕಾಸಿ ಎರಡ್ ಪಾತ್ರೆಗೆ ಅರ್ಧರ್ಧ ಮಾಡ್ದೆ. ಎರಡಕ್ಕೂ ನಮ್ ಹಳೆ ಹೆಪ್ಪ್ ಒಂದೊಂದ್ ಚಮಚ. ಬಾಟ್ಲಿದ್ ಇದೊಂದಕ್ಕೆ ಮಾತ್ರ."

"ಇನ್ನೊಂದು ಪಾತ್ರೆ ತನ್ನಿ."

ಎರಡನ್ನೂ ತಟ್ಟೆಗೆ ಕವುಚಿದರು. ಹಳೆ ಹೆಪ್ಪಿನ ಮೊಸರು ಒಡೆದು ನೀರುನೀರಾಗಿ ಹರಡಿಕೊಂಡಿತು. ಇನ್ನೊಂದು ಮಾತ್ರ ಪಾತ್ರೆಯ ಆಕಾರ ಹೊತ್ತುಕೊಂಡೇ ಇಳಿದು, ಕುಕ್ಕರುಗಾಲಲ್ಲಿ ಕೂತವರಂತೆ ಅಲ್ಲಾಡದೆ ಕೂತಿತು. ಮೇಡಂ ಚಾಕು ಹಾಕಿದರೆ ಹಲ್ವದ ಹಾಗೆ ತುಂಡಾಯಿತು, ಒಂದು ಹನಿ ನೀರು ಬಿಡಲಿಲ್ಲ.

"ಅದೇ ಹಾಲು, ಅದೇ ಹೆಪ್ಪು, ಬಾಟಲಿ ಒಂದೇ ವ್ಯತ್ಯಾಸ. ಹಾಲಿನಲ್ಲೂ ಉಪ್ಪಿನಂಶ, ಕೊಬ್ಬು ಎಲ್ಲ ಇದೆ, ನಿನ್ನ ಕಿಣ್ವ ಮುನಿಸಿಕೊಂಡಿಲ್ಲ," ಎಂದರು ಮೇಡಂ. "ಇನ್ನೊಂದು ಬಾಟಲಿ ಮಾಡು. ಮೀನು ಆಮೇಲೆ ನೋಡೋಣ. ವಿಷಯ ಬದಲಿಸುವುದು ಬೇಡ."

ನವ್ಯಶ್ರೀಗೆ ಹೋದ ಜೀವ ಬಂದಂತಾಯಿತು. ಮೇಡಂ ಇದ್ದಾರೆಂಬ ನಾಚಿಕೆಯೂ ಇಲ್ಲದೆ ನೆಲದ ಮೇಲೆ ಕೂತುಬಿಟ್ಟಳು. ನಗು ಬಂತು, ನಗುತ್ತಾ ಕಣ್ಣೂ ತುಂಬಿತು. ಸುಗುಣ ಇಷ್ಟರಲ್ಲಿ ಗಟ್ಟಿ ಮೊಸರಿನ ತುಂಡನ್ನು ತಿನ್ನಲು ಎತ್ತಿಕೊಂಡಿದ್ದಳು. ನವ್ಯಶ್ರೀ ಹಾರಿ ಎದ್ದು ಕಸಿದುಕೊಂಡಳು.

"ಲ್ಯಾಬಿಂದ್ ಅಮ್ಮ, ತಿಂಬುಕಾತಿಲ್ಲೆ."

ಮೇಡಂ ನಗುತ್ತಾ ಮದುವೆಗೆ ಹೊರಟರು. ಕಾರು ತಿರುವು ದಾಟುವವರೆಗೂ ಸುಗುಣ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಮಗಳ ಹತ್ತಿರ ಬಂದು ಕೂತಳು.

"ಹಾಂಗಾರೆ ನೀ ನಿಜಕ್ಕೂ ಮೀನಿಗೇ ಹಾಕ್ ಅಂದದ್ದಾ?"

"ಹೌದಮ್ಮ."

ಸುಗುಣ ಮೊಸರಿನ ತಟ್ಟೆಯನ್ನು ಮೀನಿನ ಡಬ್ಬಿಯಿಂದ ದೂರ ಸರಿಸಿದಳು.

"ಅದ್ ನಂಗೆ ಆಗ್ಳೇ ಗೊತ್ತಿದ್ರೂ ನಾ ಹಾಕ್ತಿರ್ಲಿಲ್ಲೆ," ಎಂದಳು.